ಯೇಸು ಹೇಳಿದ, ಬಸವಣ್ಣನವರು ಹೇಳಿದರು

ನನ್ನ ಚಿಕ್ಕಮ್ಮನ ಮಗಳು ಇಂಗ್ಲೆಂಡಿನಲ್ಲಿ ಪ್ರೌಢಶಾಲೆಯ ಧರ್ಮ ಶಿಕ್ಷಣದ ಅಧ್ಯಾಪಕಿಯಾಗಲು ತರಬೇತಿ ಪಡೆಯುತ್ತಿದ್ದಾಳೆ ಎಂಬ ಸುದ್ದಿ ಹಾಸನದ ನಮ್ಮ ಬಂಧುಬಳಗವನ್ನು ಮುಟ್ಟಿದಾಗ, ಅವಳು ಮತಾಂತರವಾದಳೇ ಎಂದು ಕೇಳಿದವರೇ ಹೆಚ್ಚು. ಚಿಕ್ಕಮ್ಮನಂತೂ ಯಾರಾದರೂ ಕೇಳಿದರೆ 'ಅಲ್ಲಿ ಟೀಚರ್ ಆಗ್ತಿದ್ದಾಳೆ' ಎಂದಷ್ಟೇ ಹೇಳಿ ಮಾತು ಮುಗಿಸುತ್ತಾರೆ. ಮೈಸೂರಿನಲ್ಲಿ ತತ್ತ್ವಶಾಸ್ತ್ರದ ಎಂ.ಎ. ಮುಗಿಸಿ, ಮದುವೆಯಾಗಿ ಅಲ್ಲಿಗೆ ಹೋದವಳು ನನ್ನ ತಂಗಿ. ಅವಳ ಧರ್ಮ ಯಾವುದು ಎಂಬುದು ಆ ತರಬೇತಿಗೆ ಸಂಬಂಧಿಸಿದ ವಿಷಯವೇ ಅಲ್ಲ ಎಂಬುದನ್ನು ನಮ್ಮವರಿಗೆ ಮನವರಿಕೆ ಮಾಡಿಕೊಡುವುದು ನನ್ನಿಂದ ಈವರೆಗೂ ಆಗಿಲ್ಲ.

ಅಲ್ಲಿಯ ವ್ಯವಸ್ಥೆಯನ್ನು ಚುಟುಕಾಗಿ ಹೇಳುತ್ತೇನೆ. 1944ರ ಶಿಕ್ಷಣ ಕಾಯ್ದೆ ಶಾಲೆಗಳಲ್ಲಿ ಧರ್ಮಬೋಧನೆಯನ್ನು ಕಡ್ಡಾಯ ಮಾಡಿತು. 1988ರ ಕಾಯ್ದೆ ಅದನ್ನು ಧರ್ಮ ಶಿಕ್ಷಣ ಎಂದು ಕರೆದು, ಕ್ರೈಸ್ತ ಪರಂಪರೆಗೆ ಮುಖ್ಯ ಸ್ಥಾನವನ್ನು ಉಳಿಸಿಕೊಂಡೇ ದೇಶದಲ್ಲಿರುವ ಉಳಿದ ಪ್ರಮುಖ ಧರ್ಮಗಳನ್ನೂ ಪಠ್ಯಕ್ರಮ ಗಮನಕ್ಕೆ ತೆಗೆದುಕೊಳ್ಳಬೇಕೆಂದು ವಿಧಿಸಿತು. ವಿಶೇಷವೆಂದರೆ ಈ ವಿಷಯ ರಾಷ್ಟ್ರೀಯ ಪಠ್ಯಕ್ರಮದೊಳಗೆ ಬರುವುದಿಲ್ಲ. ಒಂದೊಂದು ಸ್ಥಳೀಯ ಆಡಳಿತವೂ ತನ್ನ ವ್ಯಾಪ್ತಿಯ ಧರ್ಮಗಳ ಪ್ರತಿನಿಧಿಗಳನ್ನೂ ಶಿಕ್ಷಕರನ್ನೂ ಒಟ್ಟಿಗೆ ಕೂರಿಸಿ, ಎಲ್ಲರೂ ಒಪ್ಪಿದ ಪಠ್ಯಕ್ರಮವನ್ನು ಸಿದ್ಧಪಡಿಸಬೇಕು. ಬೇಡವೆನ್ನುವ ತಂದೆತಾಯಿ ತಮ್ಮ ಮಗುವನ್ನು ಆ ತರಗತಿಯಿಂದ ಬಿಡಿಸಿಕೊಳ್ಳಬಹುದು.

ತರಬೇತಿ ಒಂದು ವರ್ಷದ್ದು. ಅದರಲ್ಲಿ ಕನಿಷ್ಠ 120 ದಿನಗಳನ್ನು ಶಾಲೆಗಳಲ್ಲೇ ಕಳೆಯಬೇಕು, ಅದೂ ಎರಡು ಬೇರೆ ಬೇರೆ ಶಾಲೆಗಳಲ್ಲಿ. ಮೊದಲ ಶಾಲೆಗೆ ಹೋದ ವಾರವೇ ಒಬ್ಬ ಹುಡುಗ ಎದ್ದು ನಿಂತು, 'ಮಿಸ್, ನೀವು ದೇವರನ್ನು ನಂಬುತ್ತೀರಾ?' ಎಂದು ಕೇಳಿದನಂತೆ. ಇವಳು ತಡವರಿಸಿದ್ದನ್ನು ಹಿಂದೆ ಕುಳಿತು ನೋಡುತ್ತಿದ್ದ ಮಾರ್ಗದರ್ಶಕಿ, ಆ ಪ್ರಶ್ನೆಗೆ ಉತ್ತರ ಕೊಡುವುದೂ ಬಿಡುವುದೂ ನಿನ್ನ ಇಷ್ಟ, ಆದರೆ ಯಾವುದೆಂಬುದನ್ನು ತರಗತಿಯ ಬಾಗಿಲು ದಾಟುವ ಮೊದಲೇ ತೀರ್ಮಾನಿಸಿಕೊಂಡಿರಬೇಕು ಎಂದರಂತೆ. ಫೋನಿನಲ್ಲಿ ಇದನ್ನು ಹೇಳಿ, 'ಅಣ್ಣಾ, ನಿಮ್ಮ ಮಕ್ಕಳು ಹೀಗೆ ಕೇಳ್ತಾರಾ?' ಎಂದಳು. ಕೇಳುವುದಿಲ್ಲ. ನನ್ನ ಹಣೆಯನ್ನು ನೋಡಿ, ಹೆಸರನ್ನು ಕೇಳಿ, ನನ್ನ ಜಾತಿಯ ಸಮೇತ ಎಲ್ಲವನ್ನೂ ಅವರು ಮೊದಲ ದಿನವೇ ತಿಳಿದುಕೊಂಡಿರುತ್ತಾರೆ. ನಾನು ಪಾಠ ಮಾಡುವ ಒಂದೊಂದು ಮಾತನ್ನೂ ಆ ತಿಳಿವಳಿಕೆಯ ಮೂಲಕವೇ ಕೇಳಿಸಿಕೊಳ್ಳುತ್ತಾರೆ.

ನಾನು ಬೇಲೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಶಿಕ್ಷಕ. ಬಿ.ಎಡ್. ಇನ್ನೂ ಒಂದೇ ವರ್ಷದ್ದಾಗಿದ್ದ ಕಾಲದಲ್ಲಿ ತರಬೇತಿ ಪಡೆದವನು. ಸೂಕ್ಷ್ಮ ಬೋಧನೆ, ಪೀಠಿಕಾ ಪ್ರಶ್ನೆ, ಕಪ್ಪುಹಲಗೆಯ ಬಳಕೆ, ನಕಾಶೆ ತೂಗುಹಾಕುವ ರೀತಿ, ಎಲ್ಲವನ್ನೂ ಕಲಿಸಿದರು. ಕಡೆಯ ಬೆಂಚಿನಲ್ಲಿ ಕುಳಿತ ಮೇಲ್ವಿಚಾರಕರು ನನ್ನ ಪಾಠ ಯೋಜನೆಯ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ 'ಧ್ವನಿ ಏರಿಳಿತ ಸಾಲದು' ಎಂದು ಬರೆದದ್ದು ಈಗಲೂ ನೆನಪಿದೆ. ಆದರೆ ಪ್ರೌಢಶಾಲೆಯ ಪಠ್ಯದಲ್ಲಿ ಜೈನ, ಬೌದ್ಧ, ಕ್ರೈಸ್ತ, ಇಸ್ಲಾಂ ಧರ್ಮಗಳಿವೆ, ಶಂಕರ, ರಾಮಾನುಜ, ಮಧ್ವ, ಬಸವಣ್ಣನವರಿದ್ದಾರೆ, ಇವುಗಳನ್ನು ಆಯಾ ಧರ್ಮದ ಮಕ್ಕಳು ಎದುರಿಗೇ ಕುಳಿತಿರುವಾಗ ಹೇಗೆ ಪಾಠ ಮಾಡಬೇಕು ಎಂಬುದನ್ನು ಒಂದು ಗಂಟೆಯ ಮಟ್ಟಿಗೂ ಯಾರೂ ಹೇಳಿಕೊಡಲಿಲ್ಲ. 2015ರಿಂದ ಬಿ.ಎಡ್. ಎರಡು ವರ್ಷದ್ದಾಗಿದೆ. ನಮ್ಮ ಶಾಲೆಗೆ ಬೋಧನಾ ಅಭ್ಯಾಸಕ್ಕೆಂದು ಬರುವ ಪ್ರಶಿಕ್ಷಣಾರ್ಥಿಗಳನ್ನು ವಿಚಾರಿಸಿದರೆ, ಅವರಿಗೂ ಹೇಳಿಕೊಟ್ಟವರಿಲ್ಲ.

ಅದರ ಫಲವನ್ನು ನಾನೇ ಉಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯಲ್ಲಿ ಪಾಠ ಮುಗಿಸಿ ಹೊರಡುವಾಗ, ಕಾಫಿ ತೋಟದ ಲೈನ್ ಮನೆಯಿಂದ ಬರುತ್ತಿದ್ದ ಕ್ರೈಸ್ತ ಹುಡುಗಿಯೊಬ್ಬಳು ಜಗುಲಿಯವರೆಗೂ ಹಿಂಬಾಲಿಸಿ ಬಂದಳು. ಕೈಯಲ್ಲಿದ್ದ ನೋಟ್ಸ್ ಪುಸ್ತಕವನ್ನು ತೆರೆದು ಎರಡು ಸಾಲುಗಳನ್ನು ತೋರಿಸಿದಳು. ಎರಡೂ ನಾನೇ ಬರೆಸಿದ ಸಾಲುಗಳು. ಒಂದರಲ್ಲಿ 'ಬಸವಣ್ಣನವರು ಹೇಳಿದರು' ಎಂದಿತ್ತು, ಇನ್ನೊಂದರಲ್ಲಿ 'ಯೇಸು ಹೇಳಿದನು' ಎಂದಿತ್ತು. 'ಸರ್, ಇದು ಯಾಕೆ ಹೀಗೆ?' ಎಂದಷ್ಟೇ ಕೇಳಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ವ್ಯಾಕರಣದ ಸಂದೇಹವನ್ನು ಕೇಳುವಂತೆ ಕೇಳಿದಳು. ನಾನು ಆ ವ್ಯತ್ಯಾಸವನ್ನು ಬೇಕೆಂದು ಮಾಡಿದವನಲ್ಲ, ನಾಲಿಗೆಗೆ ಬಂದದ್ದನ್ನು ಬರೆಸಿದ್ದೆ. ಹಾಗೆ ತಾನಾಗಿ ಬಂದಿತ್ತು ಎಂಬುದೇ ನನ್ನನ್ನು ಹೆಚ್ಚು ಕಾಡಿತು. ತರಬೇತಿ ಎಂಬುದು ಇರುವುದು ಹೀಗೆ ತಾನಾಗಿ ಬರುವುದನ್ನು ತಡೆದು ನಿಲ್ಲಿಸಿ ನೋಡುವುದಕ್ಕೇ ಅಲ್ಲವೇ?

ಸಂವಿಧಾನ ಇದಕ್ಕೆ ಅಡ್ಡ ಬರುತ್ತದೆ ಎಂದು ಸಹೋದ್ಯೋಗಿಗಳು ವಾದಿಸುತ್ತಾರೆ. 28ನೆಯ ವಿಧಿ ಪೂರ್ಣವಾಗಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಗಳಲ್ಲಿ ಧರ್ಮಬೋಧನೆಯನ್ನು ನಿಷೇಧಿಸುತ್ತದೆ, ನಿಜ, ಅದು ಹಾಗೆಯೇ ಇರಬೇಕು ಎಂಬುದೇ ನನ್ನ ನಿಲುವು ಕೂಡ. ಆದರೆ ಒಂದು ಧರ್ಮವನ್ನು ಬೋಧಿಸುವುದು ಬೇರೆ, ಧರ್ಮಗಳ ಬಗ್ಗೆ ತಿಳಿಸಿಕೊಡುವುದು ಬೇರೆ ಎಂಬುದನ್ನು 1964-66ರ ಕೊಠಾರಿ ಆಯೋಗವೇ ವಿಂಗಡಿಸಿ ಹೇಳಿತ್ತು. ಧರ್ಮಗಳ ಅಧ್ಯಯನಕ್ಕೆ ಈ ವಿಧಿಯ ಅಡ್ಡಿಯಿಲ್ಲ ಎಂದು 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು. ಇಂಗ್ಲೆಂಡಿನಂತೆ ಇಲ್ಲಿಯೂ ಪ್ರತ್ಯೇಕ ವಿಷಯ, ಪ್ರತ್ಯೇಕ ಶಿಕ್ಷಕ ಬೇಕೆಂದು ನಾನು ಕೇಳುತ್ತಿಲ್ಲ. ಪಠ್ಯ ಬರೆಯುವ ಲೇಖನಿ ಯಾರ ಕೈಗೆ ಹೋಗುತ್ತದೆ ಎಂಬ ಭಯ ನನಗೂ ಇದೆ. ಈಗಾಗಲೇ ಪಠ್ಯದಲ್ಲಿರುವುದನ್ನು ಪಾಠ ಮಾಡುವವರಿಗೆ ತರಬೇತಿ ಕೊಡಿ ಎಂಬುದಷ್ಟೇ ನನ್ನ ಕೋರಿಕೆ.

ಅದಕ್ಕೆ ಬೇಕಾದ ಸಾಮಗ್ರಿ ನಮ್ಮ ಜಿಲ್ಲೆಯಲ್ಲಿ ಬಿದ್ದಿದೆ. ಪ್ರತಿ ವರ್ಷ ಮಕ್ಕಳನ್ನು ಶ್ರವಣಬೆಳಗೊಳಕ್ಕೆ ಕರೆದೊಯ್ಯುತ್ತೇವೆ. ಬೆಟ್ಟ ಹತ್ತಿಸಿ, ಗೊಮ್ಮಟನ ಎದುರು ಫೋಟೋ ತೆಗೆಸಿ, ಕಟ್ಟಿಕೊಂಡು ಬಂದ ಚಿತ್ರಾನ್ನವನ್ನು ಉಣ್ಣಿಸಿ, ಅಲ್ಲಿಂದ ಹಳೇಬೀಡಿಗೆ ಬಸ್ಸು ಹತ್ತಿಸುತ್ತೇವೆ. ಊರೊಳಗಿನ ಭಂಡಾರಿ ಬಸದಿಯಲ್ಲಿ 1368ರ ಬುಕ್ಕರಾಯನ ಶಾಸನವಿದೆ. ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾಗಿ, ಜೈನರು ಅರಸನ ಬಳಿ ದೂರು ಒಯ್ದಾಗ, ಆತ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಇಟ್ಟು, ಎರಡೂ ದರ್ಶನಗಳಿಗೆ ಭೇದವಿಲ್ಲವೆಂದು ತೀರ್ಪು ಕೊಟ್ಟನೆಂದು ಅದು ಹೇಳುತ್ತದೆ. ಅಷ್ಟಕ್ಕೇ ನಿಲ್ಲದೆ, ಜೈನರು ಮನೆಗೊಂದು ಹಣದಂತೆ ಕೊಡಬೇಕು, ತಿರುಮಲೆಯ ತಾತಯ್ಯ ಅದರಿಂದ ಬೆಳಗೊಳದ ದೇವರಿಗೆ 20 ಮಂದಿ ಕಾವಲುಗಾರರನ್ನು ನೇಮಿಸಬೇಕು, ಉಳಿದ ಹಣದಲ್ಲಿ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು ಎಂಬ ಏರ್ಪಾಡನ್ನೂ ವಿವರಿಸುತ್ತದೆ. ಜೈನರ ದೇವರ ಕಾವಲಿನ ಹೊಣೆ ವೈಷ್ಣವನ ಮೇಲೆ! ಬರೀ ಸೌಹಾರ್ದದ ಭಾಷಣ ಮಾಡಿದರೆ ಮಕ್ಕಳು ಆಕಳಿಸುತ್ತಾರೆ. ಜಗಳವೇಕೆ ಆಯಿತು, ಹಣ ಯಾರದು, ಕಾವಲು ಯಾರಿಂದ ಕಾಪಾಡಲು ಎಂದು ಕೇಳಿದರೆ ಎದ್ದು ಕೂರುತ್ತಾರೆ. ಬೇಲೂರಿನ ಚೆನ್ನಕೇಶವ ರಥೋತ್ಸವದ ಸಂದರ್ಭದಲ್ಲಿ ಕುರಾನ್ ಪಠಿಸುವ ಪದ್ಧತಿಯ ಕುರಿತು ಈಚಿನ ವರ್ಷಗಳಲ್ಲಿ ಎದ್ದ ವಿವಾದ ನಮ್ಮ ತರಗತಿಗೂ ಬಂದಿತ್ತು. ಅಂದು ನಾನು 'ಅದೆಲ್ಲ ಪರೀಕ್ಷೆಗೆ ಬರುವುದಿಲ್ಲ' ಎಂದು ಬಾಯಿ ಮುಚ್ಚಿಸಿದೆ. ಶಾಸನದ ಪಾಠವನ್ನು ಮೊದಲೇ ಮಾಡಿದ್ದರೆ ಹಾಗೆ ತಪ್ಪಿಸಿಕೊಳ್ಳಬೇಕಾಗಿ ಬರುತ್ತಿರಲಿಲ್ಲ.

ಆ ಶಾಸನದ ಚಿತ್ರವನ್ನೂ ಪಾಠವನ್ನೂ ಕಳಿಸಿಕೊಡು ಎಂದು ತಂಗಿ ಕೇಳಿದ್ದಾಳೆ, ಎರಡನೆಯ ಶಾಲೆಯಲ್ಲಿ ಜೈನ ಧರ್ಮದ ಬಗ್ಗೆ ಅವಳೊಂದು ಪಾಠ ಮಾಡಬೇಕಂತೆ. ಕಳಿಸಿದ್ದೇನೆ.

ನಾನಂತೂ ಆ ಹುಡುಗಿ ಕೇಳಿದ ಮರುದಿನದಿಂದ 'ಯೇಸು ಹೇಳಿದರು', 'ಬುದ್ಧರು ಹೇಳಿದರು', 'ಮಹಾವೀರರು ಹೇಳಿದರು' ಎಂದೇ ಬರೆಸುತ್ತಿದ್ದೇನೆ. ಕಳೆದ ತಿಂಗಳು ಮುಂದಿನ ಬೆಂಚಿನ ಹುಡುಗನೊಬ್ಬ, 'ಹಾಗಾದರೆ ರಾಮರು ಎನ್ನಬೇಕಾ ಸರ್?' ಎಂದು ಕೇಳಿದ, ಇಡೀ ತರಗತಿ ನಕ್ಕಿತು. ನಾವು ದೇವರನ್ನು ಏಕವಚನದಲ್ಲಿ ಕರೆಯುವುದು ಸಲಿಗೆಯಿಂದ ಎಂದು ವಿವರಿಸಿದೆ. 'ಅವರೂ ಸಲಿಗೆಯಿಂದಲೇ ಕರೆಯಬಹುದಲ್ವಾ ಸರ್, ಅವರನ್ನೇ ಕೇಳಿದ್ದೀರಾ?' ಎಂದ. ಕೇಳಿರಲಿಲ್ಲ.