ರೋಬಸ್ಟಾ ಕುಯ್ಲಿನ ಕಾಲದ ಉಪವಾಸ

ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲ ಶುರುವಾಯಿತು ಅಂದರೆ ನಮ್ಮ ಚಿಕ್ಕಮಗಳೂರು ಕಡೆ ಪೂಜೆ ಮುಗಿಸಿ ಹೊರಗೆ ಬಂದವರ ಮಾತು ಒಂದೇ. "ಈ ಸಲ ಏನು ಬಿಟ್ರಿ?" ಒಬ್ಬರು ಮಾಂಸ, ಒಬ್ಬರು ಸಿಗರೇಟು, ಇನ್ನೊಬ್ಬರು ಮೊಬೈಲ್‌ನಲ್ಲಿ ರೀಲ್ಸ್ ನೋಡುವುದು. ಒಳ್ಳೆಯದೇ. ನಾನೂ ಮಾಂಸ ಬಿಡುತ್ತೇನೆ, ಶುಕ್ರವಾರ ಶಿಲುಬೆ ಹಾದಿಯ ಪ್ರಾರ್ಥನೆಗೆ ಹೋಗುತ್ತೇನೆ. ಆದರೆ ಅದೇ ಹೊತ್ತಿಗೆ ನಮ್ಮ ತೋಟಗಳಲ್ಲಿ ರೋಬಸ್ಟಾ ಕಾಫಿ ಕುಯ್ಲು ನಡೆಯುತ್ತಿರುತ್ತದೆ. ತಪಸ್ಸುಕಾಲದ ಮೊದಲ ದಿನವಾದ ವಿಭೂತಿ ಬುಧವಾರ ಬೆಳಗ್ಗೆ ಹಣೆಗೆ ಬೂದಿ ಹಚ್ಚಿಸಿಕೊಂಡವರೇ ಸಂಜೆ ಹಣ್ಣು ತೂಗಲು ನಿಲ್ಲುತ್ತೇವೆ. ನಾವು ಯೇಸುಸ್ವಾಮಿಯ ಹಿಂದೆ ಎಷ್ಟು ದೂರ ನಡೆದಿದ್ದೇವೆ ಅನ್ನುವುದು ಆ ತಕ್ಕಡಿ ಹತ್ತಿರವೇ ಗೊತ್ತಾಗುತ್ತದೆ.

ಆ ಹೊತ್ತನ್ನು ಒಮ್ಮೆ ನಿಂತು ನೋಡಿ. ಬೆಳಗ್ಗೆಯಿಂದ ರೆಂಬೆ ಬಗ್ಗಿಸಿ, ಚಗಳಿ ಇರುವೆ ಕೈಲಿ ಕಚ್ಚಿಸಿಕೊಂಡು ಕುಯ್ದ ಹಣ್ಣು. ಎಲೆ, ಕಡ್ಡಿ ಆರಿಸಿ, ಗೊಬ್ಬರದ ಖಾಲಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಸಾಲಾಗಿ ಇಟ್ಟಿರುತ್ತಾರೆ. ಕೂಲಿ ಕಿಲೋ ಲೆಕ್ಕ. ಚೀಲ ತಕ್ಕಡಿ ಏರುತ್ತದೆ. 38 ಕಿಲೋ 700 ಗ್ರಾಂ. ಪುಸ್ತಕಕ್ಕೆ ಹತ್ತುವುದು 38. ಆಮೇಲೆ ಚೀಲದ್ದು ಅಂತ ಒಂದು ಕಿಲೋ ಮುರಿ, ಕಸ ಇದೆ ಅಂತ ಇನ್ನೊಂದು ಕಿಲೋ ಮುರಿ. ಉಳಿದದ್ದು 36. ಪ್ಲಾಸ್ಟಿಕ್ ಚೀಲ ಒಂದು ಕಿಲೋ ಎಲ್ಲಿ ತೂಗುತ್ತದೆ ಹೇಳಿ? ಅಸ್ಸಾಂ, ಝಾರ್ಖಂಡ್‌ನಿಂದ ಬಂದವರು ಭಾಷೆ ಬರದೆ ಮೇಸ್ತ್ರಿ ಮುಖ ನೋಡುತ್ತಾ ನಿಲ್ಲುತ್ತಾರೆ. ಕೇಳಿದರೆ ನಾಳೆ ಕೆಲಸ ಇರುತ್ತೋ ಇಲ್ಲವೋ ಅನ್ನುವ ಭಯ.

ಎಲ್ಲ ತೋಟದಲ್ಲೂ ಹೀಗೇ ಅಂತ ನಾನು ಹೇಳುತ್ತಿಲ್ಲ. ನಮ್ಮ ಪಕ್ಕದಲ್ಲೇ ಒಬ್ಬರು ಸಣ್ಣ ಬೆಳೆಗಾರರಿದ್ದಾರೆ. ತಕ್ಕಡಿಯ ಅಂಕಿ ಕಾಣುವ ಕಡೆಯನ್ನು ಆಳುಗಳತ್ತ ತಿರುಗಿಸಿ ಇಡುತ್ತಾರೆ. ಖಾಲಿ ಚೀಲವನ್ನೂ ಎಲ್ಲರೆದುರು ತೂಗಿ, ಅಷ್ಟನ್ನೇ ಕಳೆಯುತ್ತಾರೆ. ಗ್ರಾಂ ಸಮೇತ ಬರೆದ ಚೀಟಿ ಕೈಗೆ ಕೊಡುತ್ತಾರೆ. ಶನಿವಾರದ ಬಟವಾಡೆಯನ್ನು ಸೋಮವಾರಕ್ಕೆ ತಳ್ಳಿದ್ದು ನಾನಂತೂ ನೋಡಿಲ್ಲ. ಅವರ ಬಾಯಲ್ಲಿ ಬೈಬಲ್ ವಾಕ್ಯ ಕೇಳಿದ ನೆನಪಿಲ್ಲ. ಆದರೆ ಶುಭಸಂದೇಶ ಸಾರುವುದು ಅಂದರೆ ನನಗೆ ಮೊದಲು ನೆನಪಾಗುವುದು ಅವರೇ.

ವಿಭೂತಿ ಬುಧವಾರ ಕಳೆದು ಬರುವ ಶುಕ್ರವಾರದ ಪೂಜೆಯಲ್ಲಿ ಬೈಬಲಿನ ಯೆಶಾಯ ಪ್ರವಾದಿಯ ಗ್ರಂಥದ 58ನೇ ಅಧ್ಯಾಯ ಓದುತ್ತಾರೆ. ಉಪವಾಸದ ದಿನವೇ ನಿಮ್ಮ ಕೂಲಿಯವರನ್ನು ಹಿಂಡುತ್ತೀರಿ ಅಂತ ದೇವರು ಅಲ್ಲಿ ನೇರವಾಗಿ ಬಯ್ಯುತ್ತಾರೆ. ಯಕೋಬನ ಪತ್ರ ಇನ್ನೂ ಖಾರ. ಹೊಲ ಕುಯ್ದವರಿಗೆ ಕೊಡದೆ ಹಿಡಿದಿಟ್ಟುಕೊಂಡ ಕೂಲಿ ಕೂಗುತ್ತಿದೆ, ಕುಯ್ದವರ ಗೋಳು ದೇವರ ಕಿವಿಗೆ ಮುಟ್ಟಿದೆ ಅನ್ನುತ್ತದೆ ಐದನೇ ಅಧ್ಯಾಯ. ನಮ್ಮ ಕಥೋಲಿಕ ಧರ್ಮಸಭೆ ಕೂಡ ಕೂಲಿ ಹಿಡಿದಿಡುವುದನ್ನು ಸಣ್ಣ ತಪ್ಪಿನ ಪಟ್ಟಿಗೆ ಸೇರಿಸಿಲ್ಲ. ಕೊಲೆಯ ಜೊತೆಗೆ, ಸ್ವರ್ಗಕ್ಕೆ ಮೊರೆಯಿಡುವ ಪಾಪಗಳ ಸಾಲಿನಲ್ಲಿ ಇಟ್ಟಿದೆ. ಹಾಗಿದ್ದೂ ಗುರುಗಳ ಮುಂದೆ ಪಾಪ ಹೇಳಿಕೊಳ್ಳುವ ಪಾಪನಿವೇದನೆಗೆ ಹೋದವರಲ್ಲಿ ಎಷ್ಟು ಜನ ತೂಕದ ಲೆಕ್ಕ ಹೇಳುತ್ತಾರೋ!

ನಮಗೆ ಇದು ಹೊರಗಿನ ವಿಷಯವೂ ಅಲ್ಲ. ಚಿಕ್ಕಮಗಳೂರು, ಹಾಸನ ಎರಡೂ ಜಿಲ್ಲೆ ಸೇರಿದ ನಮ್ಮ ಧರ್ಮಕ್ಷೇತ್ರ, ಅಂದರೆ ಒಬ್ಬ ಬಿಷಪ್‌ರ ಆಡಳಿತದ ಪ್ರದೇಶ, ಆದದ್ದು 1963ರಲ್ಲಿ. ಇಲ್ಲಿನ ಎಷ್ಟೋ ಚರ್ಚ್‌ಗಳ ಬೆಂಚು ತುಂಬುವುದು ತೋಟವನ್ನೇ ನಂಬಿದ ಮನೆಗಳಿಂದ. ಬೆಳೆಗಾರರು, ತೋಟದ ಲೆಕ್ಕ ಬರೆಯುವ ರೈಟರ್‌ಗಳು, ಮೇಸ್ತ್ರಿಗಳು, ಆಳುಗಳ ಲೈನ್ ಮನೆಯವರು ಎಲ್ಲ ಒಂದೇ ಸೂರಿನಡಿ ಪ್ರಸಾದ ತಗೊಳ್ಳುತ್ತೇವೆ. ಇನ್ನು ಒಂದೇ ಕೆಲಸಕ್ಕೆ ಗಂಡಾಳಿಗೆ ಜಾಸ್ತಿ, ಹೆಣ್ಣಾಳಿಗೆ ಕಮ್ಮಿ ಕೊಡುವ ಚಾಳಿ. ಅದು ತಪ್ಪು ಅಂತ 1976ರಲ್ಲೇ ಕಾನೂನು ಬಂದಿದೆ. ಕ್ರೈಸ್ತರಾದ ನಮಗೆ ಕಾನೂನಿನ ನೆಪವೂ ಬೇಕಿರಲಿಲ್ಲ.

ರೇಟು ಬಿದ್ದರೆ ಬೆಳೆಗಾರ ಏನು ಮಾಡಬೇಕು ಅಂತ ಕೇಳಬಹುದು. ನಿಜ, ನನ್ನದೂ ಸಣ್ಣ ತೋಟವೇ. ಹೂಮಳೆ ಕೈಕೊಟ್ಟರೆ ಮುಂದಿನ ವರ್ಷದ ಫಸಲು ಹೋಯಿತು ಅಂತ ನಿದ್ದೆ ಬರುವುದಿಲ್ಲ. ಆದರೆ ಆ ನಷ್ಟವನ್ನು ಕುಯ್ಯುವವರ ಚೀಲದಿಂದ ಕದ್ದು ತುಂಬಿಕೊಳ್ಳಬಾರದು. ಯೇಸು ಹೇಳಿದ ದ್ರಾಕ್ಷಿತೋಟದ ಕಥೆಯಲ್ಲಿ ಯಜಮಾನ ಕೂಲಿ ಎಷ್ಟು ಅಂತ ಬೆಳಗ್ಗೆಯೇ ಮಾತಾಡುತ್ತಾನೆ. ಸಂಜೆ ಆದ ಕೂಡಲೇ ಕೊಡಿಸುತ್ತಾನೆ. ಕಿಲೋಗೆ ಇಷ್ಟೇ ಕೊಡಲು ಆಗುವುದು ಅಂತ ಮೊದಲೇ ಬಾಯಿಬಿಟ್ಟು ಹೇಳಿ. ಒಪ್ಪಿದವರು ಬರುತ್ತಾರೆ. ಊರಿಗೆ ಹೊರಟವರ ಲೆಕ್ಕವನ್ನು ಅವರು ಬಸ್ ಹತ್ತುವ ಮೊದಲೇ ಚುಕ್ತಾ ಮಾಡಿ. ಮುಂದಿನ ವರ್ಷ ಬಂದಾಗ ಕೊಡುತ್ತೇವೆ ಅನ್ನಬೇಡಿ.

ನಮ್ಮ ಪ್ಯಾರಿಷ್‌ನ, ಅಂದರೆ ನಮ್ಮ ಚರ್ಚಿಗೆ ಸೇರಿದ, ಒಬ್ಬ ಹುಡುಗ ದೊಡ್ಡ ತೋಟವೊಂದರಲ್ಲಿ ರೈಟರ್. "ಅಂಕಲ್, ಸಾಹುಕಾರ್ರೇ ಮುರಿ ಅಂದ್ರೆ ನಾನೇನು ಮಾಡ್ಲಿ?" ಅಂತ ಕೇಳಿದ. ಈ ಪ್ರಶ್ನೆ ಅವನೊಬ್ಬನದ್ದಲ್ಲ. ಸುಳ್ಳು ಬರೆಯಬೇಡ ಅಂದೆ. "ಸರ್, ತಕ್ಕಡಿ ತೋರಿಸಿದ್ದನ್ನು ಬರೀತೀನಿ, ಕಳೆಯೋದಿದ್ರೆ ನೀವೇ ಅವರೆದುರು ಹೇಳಿ ಕಳೀರಿ" ಅನ್ನು ಅಂದೆ. ಅವನ ಕೆಲಸ ಹೋಗಬಹುದು. ಹೋದರೆ ಅವನನ್ನು ಒಂಟಿ ಮಾಡಬಾರದು, ಇನ್ನೊಂದು ತೋಟದಲ್ಲಿ ಕೆಲಸ ಹುಡುಕಿಕೊಡುವುದು ಪ್ಯಾರಿಷ್‌ನವರಾದ ನಮ್ಮ ಕೆಲಸ. ರೈಟರ್ ಬೇಕಾದ ಬೆಳೆಗಾರರು ನಮ್ಮ ಬೆಂಚುಗಳಲ್ಲೇ ಕೂತಿದ್ದಾರೆ. ಸರಿ ತೂಕ ಬರೆಯುವ ಹುಡುಗ ಬೇಕು ಅನ್ನುವವರು ನನಗೆ ಒಂದು ಮೆಸೇಜ್ ಹಾಕಿ.