ಕಲ್ಲು ಕಳೆದು ಉಳಿದದ್ದೆಷ್ಟು?

ಲೈಟ್‌ಬಾಕ್ಸ್‌ಗೆ ಬೀಗ ಹಾಕುತ್ತೇವೆ ಅಂತ ಡಿ ಬಿಯರ್ಸ್‌ನವರು 2025ರ ಮೇ ತಿಂಗಳಲ್ಲಿ ಹೇಳಿದ್ದೇ ಹೇಳಿದ್ದು, ನನಗೆ ಆ ಕಂಪನಿಯ ಮೇಲಿದ್ದ ಭಕ್ತಿ ಇಮ್ಮಡಿಯಾಗಿದೆ. 1888ರಿಂದ ಗಣಿಯ ವಜ್ರ ಮಾರಿಕೊಂಡು ಬಂದವರು 2018ರಲ್ಲಿ ಲ್ಯಾಬಿನಲ್ಲಿ ಬೆಳೆಸಿದ ವಜ್ರವನ್ನೂ ಲೈಟ್‌ಬಾಕ್ಸ್ ಅನ್ನುವ ಹೆಸರಲ್ಲಿ ತಾವೇ ಮಾರಲು ಕೂತರು. ಒಂದು ಕ್ಯಾರೆಟ್ ತೂಕಕ್ಕೆ 800 ಡಾಲರ್. ಬಿಳಿಯೋ ನೀಲಿಯೋ ಗುಲಾಬಿಯೋ, ಎಲ್ಲಕ್ಕೂ ಒಂದೇ ರೇಟು. ಇದು ಅಗ್ಗದ ಆಟಿಕೆ, ನಿಜವಾದ ವಜ್ರ ಬೇಕಾದರೆ ಪಕ್ಕದ ಬಾಗಿಲಿಗೆ ಬನ್ನಿ ಅಂತ ಲೋಕಕ್ಕೆ ತಿಳಿಸುವ ಉಪಾಯ. ಎದುರಂಗಡಿಯವನ ವ್ಯಾಪಾರ ಕೆಡಿಸಲು ತನ್ನ ಮಳಿಗೆ ಮುಂದೆಯೇ ಅರ್ಧ ರೇಟಿನ ತಳ್ಳುಗಾಡಿ ನಿಲ್ಲಿಸಿದ ಸೆಟ್ಟರ ಹಾಗೆ. ಕೊನೆಗೆ ಲ್ಯಾಬ್ ವಜ್ರದ ರೇಟು ಪಾತಾಳ ಸೇರಿತು, ಗಣಿಯದೂ ಕೆಳಗಿಳಿಯಿತು, ಗಾಡಿಯೂ ಮುಚ್ಚಿತು.

ಎರಡೂ ಇಂಗಾಲವೇ. ಬರಿಗಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ, ಯಂತ್ರ ಬೇಕು. ಇಷ್ಟು ವರ್ಷ ಕಲ್ಲಿನೊಳಗೆ ಚುಕ್ಕೆ ಇದ್ದರೆ ದೋಷ, ರೇಟು ಇಳಿಸಿ ಅನ್ನುತ್ತಿದ್ದರು. ಲ್ಯಾಬಿನವರು ಚುಕ್ಕೆಯಿಲ್ಲದ್ದನ್ನು ತಂದಿಟ್ಟ ಮೇಲೆ ಅದೇ ಚುಕ್ಕೆ ಪ್ರಕೃತಿಯ ಹೆಬ್ಬೆಟ್ಟಿನ ಗುರುತಾಗಿದೆ. 2023ರಲ್ಲಿ ನಮ್ಮ ಪ್ರಧಾನಿ ಜಿಲ್ ಬೈಡನ್ ಅವರಿಗೆ ಕೊಟ್ಟ ಏಳೂವರೆ ಕ್ಯಾರೆಟ್‌ನ ಲ್ಯಾಬ್ ವಜ್ರಕ್ಕೆ ಅಮೆರಿಕ ಸರ್ಕಾರ 20,000 ಡಾಲರ್ ಬೆಲೆ ಬರೆದುಕೊಂಡಿತು. ಅಷ್ಟೇ ತೂಕದ ಒಳ್ಳೆಯ ಕಲ್ಲು ಗಣಿಯಿಂದ ಬಂದಿದ್ದರೆ ಬೆಲೆ ಎಷ್ಟೋ ಪಟ್ಟು. ಕಲ್ಲಿಗೂ ಕುಲ ಕೇಳುವ ಕಾಲ.

ಬಣ್ಣದ ವಿಷಯಕ್ಕೆ ಬಂದರೆ ಇನ್ನೂ ಮಜಾ. ಬಣ್ಣವೇ ಇಲ್ಲದ ಕಲ್ಲಿಗೆ ಡಿ ಗ್ರೇಡು. ಇಲ್ಲಿ ಫಸ್ಟ್ ರ‍್ಯಾಂಕ್ ಶುರುವಾಗುವುದೇ ಡಿ ಇಂದ. ಎ, ಬಿ, ಸಿಗಳನ್ನು ಹಿಂದಿನ ವ್ಯಾಪಾರಿಗಳು ಬೇಕಾಬಿಟ್ಟಿ ಬಳಸಿ ಕುಲಗೆಡಿಸಿಟ್ಟಿದ್ದರಂತೆ. ತುಸು ಹಳದಿ ತಿರುಗಿದರೆ ರೇಟು ಬಿತ್ತು. ನಾಚಿಕೆ ಬಿಟ್ಟು ಪೂರ್ತಿ ಹಳದಿಯಾದರೆ ‘ಫ್ಯಾನ್ಸಿ’, ರೇಟು ಎದ್ದಿತು. ಕಂದು ಕಲ್ಲನ್ನು ಒಂದು ಕಾಲಕ್ಕೆ ಯಂತ್ರಗಳಿಗೆ ಹಾಕುತ್ತಿದ್ದರು. ಆಸ್ಟ್ರೇಲಿಯಾದ ಆರ್ಗೈಲ್ ಗಣಿಯಲ್ಲಿ ಅಂಥವೇ ರಾಶಿ ರಾಶಿ ಸಿಕ್ಕಿದವು. ಶಾಂಪೇನ್, ಕೊನ್ಯಾಕ್ ಅಂತ ಹೆಸರಿಟ್ಟು ಮಾರಿದರು. ಆ ಗಣಿ ಚಿಕ್ಕಮಗಳೂರಿನಲ್ಲಿ ಇದ್ದಿದ್ದರೆ ಫಿಲ್ಟರ್ ಕಾಫಿ ವಜ್ರ, ಚಿಕೋರಿ ಬೆರೆತದ್ದಕ್ಕೆ ಡಿಸ್ಕೌಂಟು.

ರಾಜ್ಯೋತ್ಸವದ ವೇದಿಕೆಯಲ್ಲಿ ಪ್ರತಿ ವರ್ಷ ಒಬ್ಬರಾದರೂ ಹೇಳುತ್ತಾರೆ, ಹಂಪಿಯ ಬೀದಿಯಲ್ಲಿ ಮುತ್ತು ರತ್ನಗಳನ್ನು ಸೇರಿನಲ್ಲಿ ಅಳೆದು ಮಾರುತ್ತಿದ್ದರು ಅಂತ. ಅಳೆದವನ ಗತಿ ಇವತ್ತು ಏನಾಗುತ್ತಿತ್ತೋ. 0.99 ಕ್ಯಾರೆಟ್‌ನ ಕಲ್ಲಿಗೂ ಒಂದು ಕ್ಯಾರೆಟ್‌ನದಕ್ಕೂ ಇರುವ ಅಂತರ ಎರಡು ಮಿಲಿಗ್ರಾಂ. ಬೆಲೆ ಮಾತ್ರ ಆ ಹೊಸ್ತಿಲು ದಾಟಿದ ಕೂಡಲೇ ನೆಗೆಯುತ್ತದೆ. ಅದಕ್ಕೇ ಕಟಿಂಗ್ ಮಾಡುವವರು ಹೊಳಪು ತುಸು ಹಾಳಾದರೂ ಪರವಾಗಿಲ್ಲ ಅಂತ ಹೊಟ್ಟೆ ದಪ್ಪ ಬಿಟ್ಟು ತೂಕ ಉಳಿಸುತ್ತಾರೆ. ಅಚ್ಯುತರಾಯನ ಕಾಲದಲ್ಲಿ ಇಷ್ಟು ತಲೆನೋವಿರಲಿಲ್ಲ. ಆಗಿನ ತೂಕದ ಲೆಕ್ಕದಲ್ಲಿ ಇಪ್ಪತ್ತು ಮಂಜಾಡಿಗಿಂತ ಹೆಚ್ಚು ತೂಗುವ ವಜ್ರ ಸಿಕ್ಕರೆ ನೇರ ಅರಮನೆಗೆ ಹೋಗಬೇಕಿತ್ತು ಅಂತ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ದೋಚುವುದರಲ್ಲೂ ಒಂದು ಸರಳತೆ ಇತ್ತು.

ಈಗಿನ ಅರಮನೆ ನ್ಯೂಯಾರ್ಕಿನಲ್ಲಿದೆ. ಮಾರ್ಟಿನ್ ರ‍್ಯಾಪಪೋರ್ಟ್ ಎಂಬ ವ್ಯಾಪಾರಿ 1978ರಲ್ಲಿ ಶುರು ಮಾಡಿದ ದರಪಟ್ಟಿ ವಾರಕ್ಕೊಮ್ಮೆ ಬರುತ್ತದೆ. ಜಗತ್ತೆಲ್ಲ ಅದನ್ನು ನೋಡಿಕೊಂಡೇ ಮಾತಿಗೆ ಕೂರುವುದು. ಆ ರೇಟಿಗೆ ಕೊಳ್ಳುವವರು ಅಪರೂಪ. ‘ಮೈನಸ್ ಇಷ್ಟು’ ಅನ್ನುವುದೇ ವ್ಯಾಪಾರಿಗಳ ಭಾಷೆ. ಆ ಮೈನಸ್ಸು ಗಿರಾಕಿಯ ಕಿವಿಗೆ ಬೀಳುವುದಿಲ್ಲ. ಅವನಿಗೆ ಮಿಂಚುವ ದೀಪ, ಬಾದಾಮಿ ಹಾಲು, ಸರ್ಟಿಫಿಕೇಟು. ‘ವಜ್ರ ಶಾಶ್ವತ’ ಅಂತ 1947ರಲ್ಲಿ ಡಿ ಬಿಯರ್ಸ್‌ಗೆ ಘೋಷವಾಕ್ಯ ಬರೆದುಕೊಟ್ಟ ಫ್ರಾನ್ಸಿಸ್ ಗೆರೆಟಿ ಕೊನೆಯವರೆಗೂ ಮದುವೆಯಾಗಲಿಲ್ಲ. ಊರಿಗೆಲ್ಲ ಉಂಗುರ ತೊಡಿಸಿ ತಾನು ಬಚಾವಾದ ಪುಣ್ಯಾತ್ಗಿತ್ತಿ!

ಶಾಶ್ವತ ಅಂದರೆ ವಾಪಸು ಮಾರುವ ಹಾಗಿಲ್ಲ ಅಂತ. ಅನುಮಾನವಿದ್ದರೆ ಅಜ್ಜಿಯ ಏಳು ಕಲ್ಲಿನ ಓಲೆ ಹಿಡಿದು ಯಾವುದಾದರೂ ಗೋಲ್ಡ್ ಲೋನ್ ಕೌಂಟರಿಗೆ ಹೋಗಿ. ‘ಕಲ್ಲಿನ ತೂಕ ಕಳೀಬೇಕು ಅಮ್ಮಾ’ ಅನ್ನುತ್ತಾನೆ ಹುಡುಗ. ಕೊಳ್ಳುವಾಗ ಚಿನ್ನಕ್ಕಿಂತ ಹೆಚ್ಚು ಹಣ ನುಂಗಿದ್ದು ಆ ಕಲ್ಲೇ. ಸಾಲ ಕೇಳುವಾಗ ಅದು ಕಸ, ಬರಿ ಮೈನಸ್ಸು. ಗಿರಾಕಿಗೆ ಮೈನಸ್ ಮೊದಲ ಸಲ ಕೇಳಿಸುವುದು ಇಲ್ಲೇ.

ಇಷ್ಟರವರೆಗೆ ನಕ್ಕು ಬರೆದೆ. ಸೂರತ್ ನೆನಪಾದರೆ ನಗು ಬರುವುದಿಲ್ಲ. ಜಗತ್ತಿನ ಹತ್ತರಲ್ಲಿ ಒಂಬತ್ತು ವಜ್ರಕ್ಕೆ ಸಾಣೆ ಹಿಡಿಯುವ ಊರು ಅದು. ಹೆಚ್ಚಿನವರಿಗೆ ಸಂಬಳವಿಲ್ಲ, ಕಲ್ಲಿನ ಲೆಕ್ಕದ ಕೂಲಿ. ಕಲ್ಲು ಬರದಿದ್ದರೆ ಒಲೆ ಉರಿಯದು. 2024ರ ಜುಲೈನಲ್ಲಿ ಅಲ್ಲಿನ ವಜ್ರ ಕಾರ್ಮಿಕರ ಸಂಘ ಆತ್ಮಹತ್ಯೆ ತಡೆಯಲು ಸಹಾಯವಾಣಿ ತೆರೆಯಿತು. ಮರುತಿಂಗಳು ಒಂದೇ ಕಂಪನಿ 50,000 ಕೆಲಸಗಾರರನ್ನು ಹತ್ತು ದಿನ ರಜೆ ಅಂತ ಮನೆಗೆ ಕಳಿಸಿತು. ಮಾರುಕಟ್ಟೆಯಲ್ಲಿ ಕಲ್ಲು ಜಾಸ್ತಿಯಾಗಿದೆ, ತಯಾರಿ ಕಡಿಮೆ ಮಾಡಿ ಬೆಲೆ ಕಾಪಾಡಬೇಕು ಅನ್ನುವುದು ಕಾರಣ. ಅದಕ್ಕೂ ಎಂಟು ತಿಂಗಳ ಮುಂಚೆ ಅದೇ ಊರಲ್ಲಿ ಜಗತ್ತಿನಲ್ಲೇ ದೊಡ್ಡದು ಅಂತ ಡೈಮಂಡ್ ಬೋರ್ಸ್ ಅನ್ನುವ ವಜ್ರ ವ್ಯಾಪಾರದ ಕಟ್ಟಡದ ಉದ್ಘಾಟನೆಯಾಗಿತ್ತು, ರಿಬ್ಬನ್ ಕತ್ತರಿಸಿ ಭಾಷಣ ಬಿಗಿದಿದ್ದರು.

ಕಲ್ಲಿನ ಬೆಲೆ ಕಾಪಾಡಲು ಗಣಿಯವರಿದ್ದಾರೆ, ಪಟ್ಟಿಯವರಿದ್ದಾರೆ, ಜಾಹೀರಾತಿನ ಚೆಲುವೆಯರಿದ್ದಾರೆ. ಸಾಣೆಯ ಮುಂದೆ ಕಣ್ಣು ಕಳೆದುಕೊಂಡವನ ಕೂಲಿ ಕಾಪಾಡಲು ಒಂದು ಫೋನ್ ನಂಬರು. ಅದನ್ನೂ ಅವರೇ ಚಂದಾ ಹಾಕಿಕೊಂಡ ಸಂಘದವರು ನಡೆಸಬೇಕು. ಥೂ.