ಮಂಡಿನೋವಿಗೊಂದು ಪ್ರೇಮಗೀತೆ

ಟಿವಿ ಜಾಹೀರಾತಿನ ಆ ಹಾಡು ಯಾವುದು, ಯಾವ ಕಂಪನಿಯದು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಟೋಕಿಯೊದಲ್ಲಿ ಟಿವಿ ಇಟ್ಟುಕೊಂಡವರೆಲ್ಲ ಅದನ್ನು ಕೇಳಿ ಕೇಳಿ ಸುಸ್ತಾಗಿದ್ದಾರೆ. ಎಪ್ಪತ್ತರ ದಶಕದ ಪ್ರೇಮಗೀತೆ. ಹುಡುಗಿ ಹುಡುಗನನ್ನು ಬಿಟ್ಟು ಹೊರಟಿದ್ದಾಳೆ. ಪಿಟೀಲುಗಳೆಲ್ಲ ಒಟ್ಟಿಗೆ ಅಳುತ್ತಿವೆ. ಇನ್ನೇನು ಅವಳು ತಿರುಗಿ ನೋಡಬೇಕು, ಅಷ್ಟರಲ್ಲಿ ಒಬ್ಬ ಅಜ್ಜ ದಡದಡ ಮೆಟ್ಟಿಲು ಹತ್ತಿ ಬಂದು ಮಂಡಿ ತಟ್ಟಿಕೊಂಡು ನಗುತ್ತಾನೆ. ಗ್ಲುಕೋಸಮೈನ್ ಮಾತ್ರೆ! ಮೊದಲ ಸಲ ಕೊಳ್ಳುವವರಿಗೆ ಅರ್ಧ ಬೆಲೆ! ಪರದೆಯ ಕೆಳಗೆ, ಕನ್ನಡಕ ಹಾಕಿದರೂ ಕಾಣದ ಅಕ್ಷರದಲ್ಲಿ, ‘ಇದು ಬಳಸಿದವರ ಸ್ವಂತ ಅನಿಸಿಕೆ’.

ಜಾಹೀರಾತಿನವರ ಜಾಣತನಕ್ಕೆ ಕೈ ಮುಗಿಯಲೇಬೇಕು. ನಾಲ್ಕು ನಿಮಿಷದ ವಿರಹವನ್ನು 15 ಸೆಕೆಂಡಿಗೆ ಇಳಿಸುವುದು ಸಣ್ಣ ಕೆಲಸವಲ್ಲ. ಮೊದಲು ಕಣ್ಣೀರು ಇರುವ ಸಾಲುಗಳನ್ನು ಹುಡುಕಿ ಕತ್ತರಿಸಬೇಕು. ಉಳಿದದ್ದರಲ್ಲಿ ಕಂಪನಿಯ ಹೆಸರಿಗೆ ಜಾಗ ಮಾಡಬೇಕು. ಪಲ್ಲವಿ ಮುಗಿಯುವ ಮುಂಚೆ ಪುಕ್ಕಟೆ ಫೋನು ಮಾಡುವ 0120 ನಂಬರು ಎರಡು ಸಲ ಹೇಳಬೇಕು.

ಈ ವಿದ್ಯೆಗೆ ಗುರು ಅಂದರೆ ಜೆಆರ್ ತೋಕಾಯ್ ರೈಲು ಕಂಪನಿ. ತಾತ್ಸುರೊ ಯಾಮಾಶಿತಾ 1983ರಲ್ಲಿ ‘ಕ್ರಿಸ್‌ಮಸ್ ಈವ್’ ಹಾಡಿದರು. ಹಬ್ಬದ ಹಿಂದಿನ ರಾತ್ರಿ ಒಬ್ಬ ಕಾಯುತ್ತಿದ್ದಾನೆ, ಅವಳು ಬರುವುದಿಲ್ಲ ಅಂತ ಅವನಿಗೂ ಗೊತ್ತು. ಹಾಡು ಅಂದರೆ ಇಷ್ಟೇ. 1988ರಲ್ಲಿ ರೈಲಿನವರು ಇದನ್ನೇ ಎತ್ತಿಕೊಂಡು, ಬುಲೆಟ್ ರೈಲು ಹತ್ತಿ ಪ್ರೇಮಿಯನ್ನು ಸೇರಿ ಅಂತ ಟಿಕೆಟ್ ಮಾರಿದರು. ಮರುವರ್ಷ ನಟಿ ರಿಹೊ ಮಾಕಿಸೆ ಉಡುಗೊರೆ ಹಿಡಿದು ನಗೋಯಾ ಸ್ಟೇಷನ್ನಿನಲ್ಲಿ ಓಡಿದಳು. ಬರೋದಿಲ್ಲ, ಬರೋದಿಲ್ಲ ಅಂತ ಹಾಡು ಗೋಗರೆಯುತ್ತಿದೆ, ಹುಡುಗಿ ಏದುಸಿರು ಬಿಡುತ್ತಾ ಬಂದೇ ಬಿಟ್ಟಳು! ಆ ಡಿಸೆಂಬರಿನಲ್ಲಿ ಹಾಡು ರೆಕಾರ್ಡು ಮಾರಾಟದ ಒರಿಕಾನ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು, ಹುಟ್ಟಿದ ಆರು ವರ್ಷದ ಮೇಲೆ. ಆ ಜಾಹೀರಾತು ನಿಜಕ್ಕೂ ಚೆನ್ನಾಗಿದೆ. ನನಗೆ ಸಿಟ್ಟಿರುವುದೂ ಅದಕ್ಕೇ.

ಇಲ್ಲಿ ಎನ್‌ಎಚ್‌ಕೆಯನ್ನು ನೆನೆಯದಿದ್ದರೆ ಪಾಪ ಬಂದೀತು. ಮನೆಮನೆಯಿಂದ ಶುಲ್ಕ ಎತ್ತಿ ನಡೆಯುವ ಚಾನೆಲ್, ಅಲ್ಲಿ ಜಾಹೀರಾತಿಲ್ಲ. 1973ರಲ್ಲಿ ಕಾಗುಯಾಹಿಮೆ ಅನ್ನುವ ಗುಂಪಿನ ‘ಕಾಂದಾಗಾವಾ’ ಬಂತು. ಬಡ ಜೋಡಿ, ಪುಟ್ಟ ಕೋಣೆ, ಊರಿನ ಸ್ನಾನದಮನೆ, 24 ಬಣ್ಣದ ಒಂದು ಕ್ರೇಪಾಸ್ ಡಬ್ಬಿ. ಕ್ರೇಪಾಸ್ ಅನ್ನುವುದು ಒಂದು ಕಂಪನಿಯ ಮಾಲು, ಆದ್ದರಿಂದ ಕ್ರೇಯಾನ್ ಅಂತ ಹಾಡಿ ಅಂದರು ಎನ್‌ಎಚ್‌ಕೆಯವರು. ಹಾಡುಗಾರರು ಒಪ್ಪಲಿಲ್ಲ. ಎನ್‌ಎಚ್‌ಕೆಯ ವರ್ಷದ ಕೊನೆಯ ದೊಡ್ಡ ಹಾಡಿನ ಕಾರ್ಯಕ್ರಮ ಕೊಹಾಕುವನ್ನೇ ಬಿಟ್ಟರು, ಡಬ್ಬಿ ಬಿಡಲಿಲ್ಲ. 1978ರಲ್ಲಿ ಮೊಮೊಯೆ ಯಾಮಾಗುಚಿಯ ಹಾಡೊಂದರಲ್ಲಿ ಕೆಂಪು ಪೋರ್ಷೆ ಓಡುತ್ತಿತ್ತು. ಎನ್‌ಎಚ್‌ಕೆ ಗೇಟು ದಾಟುವಾಗ ಅದು ಬರೀ ಕೆಂಪು ಕಾರಾಯಿತು. ಹಾಡಿನೊಳಗೆ ಕಂಪನಿಯ ಹೆಸರು ನುಸುಳಿದರೆ ಮೈಲಿಗೆ ಅನ್ನುವ ಕಾಲ ಅದು. ಈಗ ಪಕ್ಕದ ಚಾನೆಲ್‌ಗಳಲ್ಲಿ ಕಂಪನಿಗಳು ಇಡೀ ಹಾಡನ್ನೇ ನುಂಗಿ ಕೂತಿವೆ. ಯಾರಿಗೂ ಅಜೀರ್ಣವಿಲ್ಲ.

ಇನ್ನೊಬ್ಬರಿದ್ದರು, ಗೀತರಚನೆಕಾರ ಕೊಹಾನ್ ಕಾವಾಉಚಿ. ತಾಯಿಯ ಮೇಲೆ ತಾವು ಬರೆದ ‘ಒಫುಕುರೊಸಾನ್’ ಹಾಡಿಗೆ ಗಾಯಕ ಶಿನಿಚಿ ಮೊರಿ ಆರಂಭದಲ್ಲಿ ಒಂದಿಷ್ಟು ಮಾತು ಸೇರಿಸಿದ್ದಕ್ಕೆ 2007ರಲ್ಲಿ ಕೆಂಡವಾಗಿ, ಇನ್ನು ನೀನು ನನ್ನ ಹಾಡು ಹಾಡಲೇಬೇಡ ಅಂದುಬಿಟ್ಟರು. ಮಂಡಿ ಮಾತ್ರೆಯವರಿಗೂ ಇಂಥವರೊಬ್ಬರು ಗಂಟುಬೀಳಬೇಕಿತ್ತು.

ಹಾಗಂತ ಹಳೇ ಹಾಡುಗಳೇನು ಗಂಗೆಯಲ್ಲಿ ಮಿಂದು ಬಂದವಲ್ಲ. 1979ರ ‘ಇಹೋಜಿನ್’ ಮೆರೆದದ್ದು ಸ್ಯಾನ್ಯೊ ಕಲರ್ ಟಿವಿ ಜಾಹೀರಾತಿನ ಬೆನ್ನೇರಿ. ಮರುವರ್ಷದ ‘ರೈಡ್ ಆನ್ ಟೈಮ್’ ಮ್ಯಾಕ್ಸೆಲ್ ಕ್ಯಾಸೆಟ್ಟಿನ ಜೊತೆ. ಸೌಂದರ್ಯವರ್ಧಕ ಮಾರುವ ಶಿಸೈಡೊ, ಕನೆಬೊ ಇಬ್ಬರೂ ಪೈಪೋಟಿಗೆ ಬಿದ್ದು ಋತುವಿಗೊಂದು ಬಣ್ಣ, ಬಣ್ಣಕ್ಕೊಂದು ಹಾಡು ಅಂತ ಮಾಡಿದ್ದರು. ಎಲ್ಲಕ್ಕಿಂತ ನನಗಿಷ್ಟ ‘ಮತಾ ಆವು ಹಿ ಮಾದೆ’ಯ ಕತೆ. ಕ್ಯೊಹೆಯ್ ತ್ಸುತ್ಸುಮಿ ಆ ರಾಗ ಹಾಕಿದ್ದು ಏರ್‌ಕಂಡೀಷನರ್ ಜಾಹೀರಾತಿಗೆ. ಅದು ಅಲ್ಲಿಗೇ ಬಿದ್ದುಹೋಯಿತು. ಬೇರೆ ಮಾತು ಹಾಕಿ ಇನ್ನೊಂದು ಗುಂಪು ಹಾಡಿತು, ಯಾರೂ ಕ್ಯಾರೇ ಅನ್ನಲಿಲ್ಲ. ಕೊನೆಗೆ ಮತ್ತೆ ಹೊಸ ಮಾತು ಹಾಕಿ ಕಿಯೊಹಿಕೊ ಒಜಾಕಿ ಗಂಟಲು ಬಿಚ್ಚಿದರು. 1971ರ ಜಪಾನ್ ರೆಕಾರ್ಡ್ ಪ್ರಶಸ್ತಿ! ಆ ಏರ್‌ಕಂಡೀಷನರ್ ಯಾವ ಗುಜರಿಯಲ್ಲಿ ಕರಗಿತೋ.

ಮತ್ತೆ ನಿನಗೇನಪ್ಪಾ ಕಷ್ಟ ಅಂತೀರಾ? ಆಗ ಹಾಡೂ ಹೊಸದು, ಲಿಪ್‌ಸ್ಟಿಕ್ಕೂ ಹೊಸದು, ಕೊಳ್ಳುವ ಹುಡುಗಿಗೂ ಇಪ್ಪತ್ತು. ಯಾರೂ ಯಾರ ನೆನಪಿಗೂ ಗಾಳ ಹಾಕುತ್ತಿರಲಿಲ್ಲ. 2019ರಲ್ಲಿ ಜಪಾನಿನ ಇಂಟರ್‌ನೆಟ್ ಜಾಹೀರಾತಿನ ಖರ್ಚು ಟಿವಿಯದನ್ನು ದಾಟಿತು. ಹುಡುಗರು ಫೋನಿಗೆ ಹೋದರು. ಟಿವಿ ಮುಂದೆ ಉಳಿದವರು ವಯಸ್ಸಾದವರು. ಈ ದೇಶದಲ್ಲಿ ನೂರಕ್ಕೆ 29 ಮಂದಿ 65 ದಾಟಿದವರು. ಅವರ ಇಪ್ಪತ್ತನೇ ವಯಸ್ಸನ್ನು ಬಾಡಿಗೆಗೆ ತಂದು ಅವರಿಗೇ ಮಾರುತ್ತಿದ್ದಾರೆ.

ಟೋಕಿಯೊದಲ್ಲಿ ಭಾರತೀಯರು ಹೆಚ್ಚಿರುವ ನಿಶಿಕಸಾಯಿಯ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಕನ್ನಡ, ತೆಲುಗು, ತಮಿಳು ಎಲ್ಲ ಕೇಳುತ್ತದೆ. ನಮ್ಮ ಪಕ್ಕದ ಮನೆಯಲ್ಲಿ ಮಾತ್ರ ಒಬ್ಬ ಜಪಾನಿ ಅಜ್ಜಿ, ಒಬ್ಬರೇ. ತಿಂಗಳಿಗೊಂದು ಮಾತ್ರೆ ಪೆಟ್ಟಿಗೆ ಬರುತ್ತದೆ. ಒಡೆಯದ ಪೆಟ್ಟಿಗೆಗಳು ಚಪ್ಪಲಿ ಗೂಡಿನ ಮೇಲೆ ಸಾಲಾಗಿ ಕೂತಿವೆ. ಅರ್ಧ ಬೆಲೆ ಮೊದಲ ತಿಂಗಳಿಗೆ ಮಾತ್ರ, ಆಮೇಲೆ ಪೂರ್ತಿ. ಬೇಡ ಅನ್ನಲು ಬೇರೆ ನಂಬರು, ಅದು ಯಾವಾಗಲೂ ಬಿಜಿ. ಬೇಕು ಅನ್ನುವ ನಂಬರನ್ನು ಒಂದೇ ರಿಂಗಿಗೆ ಎತ್ತುತ್ತಾರೆ. ಇದರಲ್ಲಿ ನಗುವುದಕ್ಕೇನೂ ಇಲ್ಲ. ಪಿಂಚಣಿಯಲ್ಲಿ ಅಕ್ಕಿ ಎಣಿಸಿ ತರುವವರ ಕಿಸೆಗೆ ಪಿಟೀಲು ಬಾರಿಸುತ್ತಾ ಕೈ ಹಾಕುವುದು ಕಳ್ಳತನ, ಅಷ್ಟೇ.

‘ಆ ಹಾಡು ಕೇಳಿ ಹಳೆಯದೆಲ್ಲ ನೆನಪಾಗಿ ತರಿಸಿದಿರಾ?’ ಅಂತ ಅಜ್ಜಿಯನ್ನು ಕೇಳಿದೆ.

‘ಅಯ್ಯೋ, ಆ ಹಾಡು ನನಗೆ ಆಗಲೂ ಸೇರುತ್ತಿರಲಿಲ್ಲಪ್ಪ’ ಅಂದರು. ‘ಫೋನೆತ್ತುವ ಹುಡುಗ ಇದ್ದಾನಲ್ಲ, ತುಂಬಾ ಚೆನ್ನಾಗಿ ಮಾತಾಡ್ತಾನೆ. ಊಟ ಆಯ್ತಾ ಅಂತಾನೂ ಕೇಳ್ತಾನೆ.’

ಮುಂದಿನ ತಿಂಗಳಿಂದ ಕಣ್ಣಿಗೂ ಒಂದು ಮಾತ್ರೆ ಬರುತ್ತದಂತೆ. ಬ್ಲೂಬೆರಿಯದು.